ತೋಟದ ಕೆರೆಯ ದೋಣಿ ಕಂಟೇನರ್ ಹತ್ತುವುದು ಹೇಗೆ?

ಆಸ್ಟ್ರೇಲಿಯಾದಲ್ಲಿ ನೆಲೆಸಿದ ಮಗಳು ‘ನನ್ನ ಹಾಯಿದೋಣಿ ಕಳಿಸಿಕೊಡಿ’ ಎಂದಳು ಅಂತಿಟ್ಟುಕೊಳ್ಳಿ. ಹಡಗಿನ ಸರಕು ಸಾಗಿಸುವ ಏಜೆಂಟರಿಗೆ ಫೋನ್ ಮಾಡುವ ಮೊದಲು ಟೇಪು ಹಿಡಿದು ಕೊಡಗಿನ ನಿಮ್ಮ ತೋಟದ ಕೆರೆಗೆ ಇಳಿಯಿರಿ.

20 ಅಡಿಯ ಕಂಟೇನರ್ ಒಳಗೆ ಸಿಗುವುದು ಸುಮಾರು 5.9 ಮೀಟರ್ ಉದ್ದ, 2.35 ಮೀಟರ್ ಅಗಲ. ಬಾಗಿಲ ಎತ್ತರ 2.28 ಮೀಟರ್ ಆಸುಪಾಸು, ಒಳಗಿನ ಎತ್ತರಕ್ಕಿಂತ ಕಡಿಮೆ. ಹಾಗಾಗಿ ಲೆಕ್ಕ ಹಾಕಬೇಕಾದ್ದು ಬಾಗಿಲಿನದ್ದು. ಲೇಸರ್ ಎಂಬ ಚಿಕ್ಕ ಮಾದರಿಯ ಹಾಯಿದೋಣಿ 4.2 ಮೀಟರ್ ಉದ್ದ, 1.4 ಮೀಟರ್ ಅಗಲ, ಆರಾಮಾಗಿ ಹೋಗುತ್ತದೆ. 5.9 ಮೀಟರ್ ದಾಟಿದರೆ 40 ಅಡಿಯದ್ದೇ ಗತಿ.

ಒಂದು ದೋಣಿಗಾಗಿ ಇಡೀ ಕಂಟೇನರ್ ಹಿಡಿಯುವುದು ದುಬಾರಿ. ಬೇರೆಯವರ ಸರಕಿನ ಜೊತೆ ಜಾಗ ಹಂಚಿಕೊಳ್ಳಬಹುದು, ಇದಕ್ಕೆ ಎಲ್‌ಸಿಎಲ್ ಎನ್ನುತ್ತಾರೆ. ಬಾಡಿಗೆಯನ್ನು ಘನ ಮೀಟರ್ ಅಥವಾ ಟನ್, ಯಾವುದು ಜಾಸ್ತಿಯೋ ಅದರ ಮೇಲೆ ಹಾಕುತ್ತಾರೆ. ದೋಣಿ ಹಗುರ, ಆದರೆ ಜಾಗ ತಿನ್ನುತ್ತದೆ. 4.2 × 1.4 × 0.8 ಮೀಟರ್ ಆದರೆ 4.7 ಘನ ಮೀಟರ್. ಪೆಟ್ಟಿಗೆಯನ್ನು ಧಾರಾಳವಾಗಿ 4.5 × 1.6 × 0.9 ಮಾಡಿದಿರೋ, ಅದೇ ದೋಣಿಗೆ 6.5 ಘನ ಮೀಟರ್‌ನಷ್ಟು ಬಾಡಿಗೆ. ಇಲ್ಲಿ ಅಗ್ಗದ ದರ ಹೇಳಿ, ಅಲ್ಲಿನ ಬಂದರಿನಲ್ಲಿ ಬಿಲ್ಲು ಬೆಳೆಸುವ ಪದ್ಧತಿಯೂ ಉಂಟು. ಎರಡೂ ತುದಿಯ ಖರ್ಚನ್ನು ಬರೆದು ಕೊಡಲು ಕೇಳಿ.

ಇನ್ನು ತೊಳೆಯುವುದು. ಇದನ್ನು ಸುಮ್ನೆ ಕೊನೆಯ ದಿನಕ್ಕೆ ಬಿಡಬೇಡಿ. ಕೊಡಗಿನ ಮಳೆಯಲ್ಲಿ ನಿಂತ ದೋಣಿ ಅಂದರೆ ಪಾಚಿ, ಕೆಸರು, ಬಸವನಹುಳು, ಸಂದಿಯಲ್ಲಿ ಇರುವೆ ಗೂಡು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನವರು ಮಣ್ಣು, ಬೀಜ, ಹುಳ ಕಂಡರೆ ತಡೆದು ನಿಲ್ಲಿಸುತ್ತಾರೆ. ಮತ್ತೆ ತೊಳೆಸುವ ಖರ್ಚು ನಿಮ್ಮದೇ. ತಳದ ಬಿರಡೆ ತೆಗೆದು ಒಳಗಿನ ನೀರು ಪೂರ್ತಿ ಬಸಿಯಿರಿ. ಹಗ್ಗ, ಹಾಯಿಯನ್ನು ಕಾಫಿ ಕಣದಲ್ಲಿ ಹರಡಿ ಚೆನ್ನಾಗಿ ಒಣಗಿಸಿ. ಹಸಿ ಇದ್ದರೆ ವಾರಗಟ್ಟಲೆ ಮುಚ್ಚಿದ ಡಬ್ಬಿಯಲ್ಲಿ ಬೂಷ್ಟು ಹಿಡಿಯದೆ ಇರುತ್ತದಾ? ಮೋಟಾರ್ ಇದ್ದರೆ ಟ್ಯಾಂಕ್ ಖಾಲಿ ಮಾಡಿ, ಬ್ಯಾಟರಿ ಬಿಚ್ಚಿ, ಎರಡರ ವಿಷಯವನ್ನೂ ಏಜೆಂಟರಿಗೆ ಮೊದಲೇ ಹೇಳಿ. ಪೆಟ್ರೋಲ್ ವಾಸನೆ ಬಂದರೂ ಅಪಾಯಕಾರಿ ಸರಕಿನ ತಕರಾರು ಏಳುತ್ತದೆ.

ದೋಣಿ ಕೂರಲು ಮರದ ತೊಟ್ಟಿಲು ಬೇಕು. ತೋಟದಲ್ಲಿ ಸಿಲ್ವರ್ ಓಕ್ ಬಿದ್ದಿದೆ ಅಲ್ವಾ, ಅದನ್ನೇ ಕೊಯ್ಸಿದರಾಯ್ತು ಅನ್ನಿಸುವುದು ಸಹಜ. ಆಗುವುದಿಲ್ಲ. ಹಡಗಿನಲ್ಲಿ ಹೋಗುವ ಪ್ಯಾಕಿಂಗ್ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಬಿಸಿಯಾಗಿರಬೇಕು ಇಲ್ಲವೇ ಬೇರೆ ಒಪ್ಪಿತ ಉಪಚಾರ ಆಗಿರಬೇಕು, ಅದರ ಮೇಲೆ ಐಎಸ್‌ಪಿಎಂ 15 ಎಂಬ ಅಂತಾರಾಷ್ಟ್ರೀಯ ನಿಯಮದ ಮುದ್ರೆ ಇರಬೇಕು. ಪ್ಲೈವುಡ್‌ಗೆ ಈ ನಿಯಮ ಇಲ್ಲ; ಚಿಕ್ಕ ದೋಣಿಗೆ ನಾನಾದರೆ ಅದನ್ನೇ ಆರಿಸುತ್ತೇನೆ. ದೋಣಿಯ ಭಾರ ತಳದ ಉದ್ದಕ್ಕೂ ಹೋಗುವ ನಡುಗಂಬಿಯ ಮೇಲೆ ಬೀಳಲಿ. ಅಕ್ಕಪಕ್ಕಕ್ಕೆ ಆಸರೆ ಸಾಕು, ಒತ್ತಡ ಬೇಡ. ಬೆಲ್ಟ್ ಹಾಯುವಲ್ಲೆಲ್ಲ ಹಳೆ ಕಂಬಳಿ ತುಂಡು ಇಡಿ. ದೋಣಿಯನ್ನು ತೊಟ್ಟಿಲಿಗೆ, ತೊಟ್ಟಿಲನ್ನು ಕಂಟೇನರ್‌ನ ನೆಲದ ಕೊಂಡಿಗಳಿಗೆ ಬಿಗಿಯಿರಿ. ಹಿಂದೆ ಮುಂದೆ, ಎರಡೂ ದಿಕ್ಕಿಗೆ. ಹಾಯಿಕಂಬ ಬಿಚ್ಚಿ ಪಕ್ಕದಲ್ಲಿ ಕಟ್ಟಿ.

ಕಂಟೇನರನ್ನು ಕೊಡಗಿಗೆ ತರಿಸುವ ಗೋಜು ಬೇಡ. ಮಳೆಗಾಲದಲ್ಲಿ ಘಾಟಿ ರಸ್ತೆಗಳಲ್ಲಿ ಭಾರಿ ವಾಹನಗಳಿಗೆ ಆಗಾಗ ನಿರ್ಬಂಧ ಬೀಳುತ್ತದೆ. 2018ರ ಆಗಸ್ಟ್‌ನಲ್ಲಿ ಸಂಪಾಜೆ ದಾರಿಯೇ ಕುಸಿದದ್ದು ನೆನಪಿದೆಯಲ್ಲ. ದೋಣಿಯನ್ನು ಪಿಕಪ್‌ನಲ್ಲಿ ಮಂಗಳೂರಿಗೆ ಇಳಿಸಿ, ಅಲ್ಲೇ ತುಂಬಿಸಿ. ಜನವರಿ, ಫೆಬ್ರವರಿ ಒಳ್ಳೆಯ ಕಾಲ.

ಕಾಗದಪತ್ರಕ್ಕೆ ಕಸ್ಟಮ್ಸ್ ಏಜೆಂಟ್ ಹಿಡಿಯಿರಿ. ಕಾಫಿ ರಫ್ತು ಮಾಡುವವರನ್ನು ಕೇಳಿದರೆ ಹೆಸರು ಸಿಗುತ್ತದೆ. ಇನ್‌ವಾಯ್ಸ್, ಪ್ಯಾಕಿಂಗ್ ಪಟ್ಟಿ, ಶಿಪ್ಪಿಂಗ್ ಬಿಲ್ (ಕಸ್ಟಮ್ಸ್‌ಗೆ ಕೊಡುವ ರಫ್ತು ಅರ್ಜಿ) ಬೇಕು; ದೋಣಿ ಕಸ್ಟಮ್ಸ್ ಸುಂಕ ಪಟ್ಟಿಯ 8903 ಶೀರ್ಷಿಕೆಯಡಿ ಬರುತ್ತದೆ. ವ್ಯಾಪಾರವಲ್ಲದ ಸ್ವಂತ ಬಳಕೆಗಾದರೆ ಆಮದು-ರಫ್ತುದಾರರು ಪಡೆಯಬೇಕಾದ ಐಇಸಿ ಎಂಬ ಸಂಖ್ಯೆಯಿಂದ ವಿನಾಯಿತಿ ಇದೆ. ವಿಮೆ ಮಾಡಿಸಿ, ಕಟ್ಟುವ ಮೊದಲೂ ಆಮೇಲೂ ಫೋಟೊ ತೆಗೆದಿಡಿ.

ಅಲ್ಲಿ ತಲುಪಿದ ಮೇಲೆ ಮಗಳು ಬೇಗ ಬಿಡಿಸಿಕೊಳ್ಳಬೇಕು. ಬಂದರಿನಲ್ಲಿ ಸರಕು ಇಡಲು ಕೊಡುವ ಉಚಿತ ದಿನಗಳು ಮುಗಿದರೆ ಬಾಡಿಗೆ ಏರುತ್ತಾ ಹೋಗುತ್ತದೆ. ಒಳಗೆ ಏಟು ಬಿದ್ದದ್ದು ಕಂಡರೆ 3 ದಿನದೊಳಗೆ ಸಾಗಣೆದಾರರಿಗೆ ಬರವಣಿಗೆಯಲ್ಲಿ ತಿಳಿಸಲಿ.