ಕೌಂಟಿಗೆ ಹೋಗಬೇಕೋ, ಸಿಟಿಗೋ? ಸಾಂಟಾ ಕ್ಲಾರಾ ಕೌಂಟಿಗೆ ಹೊಸದಾಗಿ ಬಂದವರಿಗೆ

ಕ್ಯಾಲಿಫೋರ್ನಿಯಾದ ಕುಪರ್ಟಿನೋದಲ್ಲಿ ಮನೆ ಹಿಡಿದ ನಮ್ಮವರು ಬಂದ ವಾರವೇ ಕೇಳುತ್ತಾರೆ, "ಈ ಊರಿನ ಪೊಲೀಸರು ಎಲ್ಲಿರ್ತಾರೆ?" ಊರಿಗೆ ಸ್ವಂತ ಪೊಲೀಸರೇ ಇಲ್ಲ. ಸಿಟಿಯವರು (ಊರಿನ ನಗರಸಭೆ) ಕೌಂಟಿಯ (ಹಲವು ಊರುಗಳು ಸೇರಿದ, ನಮ್ಮ ಜಿಲ್ಲೆಯಂಥದ್ದು) ಪೊಲೀಸ್ ಮುಖ್ಯಸ್ಥನಾದ ಶೆರಿಫ್ ಜೊತೆ ಕರಾರು ಮಾಡಿಕೊಂಡು, ದುಡ್ಡು ಕೊಟ್ಟು ಗಸ್ತು ಹಾಕಿಸುತ್ತಾರೆ. ಪಕ್ಕದ ಊರು ಸಾರಟೋಗಾದಲ್ಲೂ ಹಾಗೇ. ಪೊಲೀಸರೆಂದರೆ ರಾಜ್ಯ ಸರ್ಕಾರದವರು ಎಂದೇ ತಿಳಿದು ಬಂದ ನಮಗೆ ಇದು ತಲೆಗೆ ಹತ್ತಲು ಸ್ವಲ್ಪ ಹೊತ್ತು ಬೇಕು. ಈ ಪದ್ಧತಿ ಹಳೆಯದು: ಲಾಸ್ ಏಂಜಲಿಸ್ ಕೌಂಟಿಯ ಲೇಕ್‌ವುಡ್ 1954ರಲ್ಲಿ ನಗರವಾದಾಗ ಎಲ್ಲ ಇಲಾಖೆಗಳನ್ನೂ ತಾನೇ ಕಟ್ಟದೆ ಕೌಂಟಿಯಿಂದ ಸೇವೆ ಕೊಂಡುಕೊಂಡಿತು. ಆ ದಾರಿಯನ್ನು ಆಮೇಲೆ ಎಷ್ಟೋ ಸಣ್ಣ ನಗರಗಳು ಹಿಡಿದವು. ಕುಪರ್ಟಿನೋ ನಗರವಾದದ್ದು ಅದರ ಮರುವರ್ಷ, 1955ರಲ್ಲಿ.

ಪಕ್ಕದ ಸನಿವೇಲ್‌ಗೆ ಬಂದರೆ ಕಥೆಯೇ ಬೇರೆ. ಅಲ್ಲಿ 1950ರಿಂದ ಪೊಲೀಸ್ ಕೆಲಸ, ಬೆಂಕಿ ಆರಿಸುವ ಕೆಲಸ ಎರಡನ್ನೂ ಸಿಟಿಯ ಒಂದೇ ಇಲಾಖೆ ನೋಡುತ್ತದೆ. ಅಲ್ಲಿನ ಸಿಬ್ಬಂದಿಗೆ ಎರಡರಲ್ಲೂ ತರಬೇತಿ ಇರುತ್ತದೆ. ಲೈಬ್ರರಿಯೂ ಸಿಟಿಯದೇ. ಕುಪರ್ಟಿನೋ ಲೈಬ್ರರಿಯಲ್ಲಾದರೆ ಕಟ್ಟಡ ಸಿಟಿಯದು, ಪುಸ್ತಕ ಮತ್ತು ಸಿಬ್ಬಂದಿ ಕೌಂಟಿ ಲೈಬ್ರರಿ ಡಿಸ್ಟ್ರಿಕ್ಟ್‌ನದು. ಅಲ್ಲಿ ಮಾಡಿಸಿದ ಕಾರ್ಡು ಅದೇ ಡಿಸ್ಟ್ರಿಕ್ಟ್ ನಡೆಸುವ ಮಿಲ್ಪಿಟಾಸ್ ಊರಿನ ಲೈಬ್ರರಿಯಲ್ಲೂ ನಡೆಯುತ್ತದೆ.

ವಿಳಾಸವನ್ನು ಮಾತ್ರ ನಂಬಬೇಡಿ. ನಾವು ಮೊದಲು ಬಾಡಿಗೆಗಿದ್ದ ಮನೆಯ ಅಂಚೆ ವಿಳಾಸ ಸ್ಯಾನ್ ಹೋಸೆ. ಗೇಟಿನ ಮುಂದೆ ಬಾಣಲೆಯಷ್ಟು ಅಗಲದ ಗುಂಡಿ ಬಿದ್ದಿತ್ತು, ಮಳೆ ಬಂದರೆ ಮಗಳ ಸೈಕಲ್ ಚಕ್ರ ಅರ್ಧ ಮುಳುಗುತ್ತಿತ್ತು. ಎರಡು ವಾರ ಫೋನ್ ಮಾಡಿದ ಮೇಲೆ ತಿಳಿಯಿತು, ನಮ್ಮ ಬೀದಿ ಸಿಟಿಗೆ ಸೇರಿಯೇ ಇಲ್ಲ! ಸುತ್ತಲೂ ಸಿಟಿ, ನಡುವೆ ಕೌಂಟಿಯ ತುಂಡು. ಇಂಥ ತುಂಡುಗಳು ಇಲ್ಲಿ ಇನ್ನೂ ಇವೆ. ಅಲ್ಲಿ ರಸ್ತೆ ರಿಪೇರಿಗೂ, ಮನೆಗೆ ಕೋಣೆ ಸೇರಿಸುವ ಪರವಾನಗಿಗೂ ಕೌಂಟಿಯನ್ನೇ ಕೇಳಬೇಕು. ಮನೆ ಕೊಳ್ಳುವವರು ಇದನ್ನು ಮೊದಲೇ ವಿಚಾರಿಸಿ.

ಮಗುವಿನ ಜನನ ಪ್ರಮಾಣಪತ್ರ, ಮದುವೆ ಲೈಸೆನ್ಸ್, ಮನೆ ಪತ್ರದ ನೋಂದಣಿ ಇವೆಲ್ಲ ಯಾವ ಊರಲ್ಲಿದ್ದರೂ ಕೌಂಟಿಯವು. ಮನೆ ತೆರಿಗೆಯೂ ಅಷ್ಟೆ: ಕೌಂಟಿ ವಸೂಲಿ ಮಾಡಿ ಶಾಲೆಗಳಿಗೆ, ಸಿಟಿಗೆ ಪಾಲು ಹಂಚುತ್ತದೆ. ಮೊದಲ ಕಂತಿಗೆ ಡಿಸೆಂಬರ್ 10, ಎರಡನೆಯದಕ್ಕೆ ಏಪ್ರಿಲ್ 10 ಕೊನೆ ದಿನ; ತಪ್ಪಿದರೆ ಶೇ. 10 ದಂಡ. ಹೊಸದಾಗಿ ಕೊಂಡವರಿಗೆ ಸಪ್ಲಿಮೆಂಟಲ್ ಬಿಲ್ (ಮನೆಯ ಹಳೆಯ ಬೆಲೆಗೂ ಹೊಸ ಬೆಲೆಗೂ ಇರುವ ವ್ಯತ್ಯಾಸದ ಮೇಲಿನ ತೆರಿಗೆ) ಅಂತ ಇನ್ನೊಂದು ಬರುತ್ತದೆ. ಮಾಮೂಲಿ ತೆರಿಗೆಯನ್ನು ಸಾಲ ಕೊಟ್ಟ ಬ್ಯಾಂಕೇ ಕಟ್ಟುತ್ತಿದ್ದರೂ ಈ ಬಿಲ್ ಸಾಮಾನ್ಯವಾಗಿ ನಿಮ್ಮ ಕೈಗೇ ಬರುವುದು. ಜಾಹೀರಾತು ಕಾಗದಗಳ ಜೊತೆ ದಯವಿಟ್ಟು ಎಸೆಯಬೇಡಿ.

ಜೀವಕ್ಕೆ ಅಪಾಯ ಎಂದಾಗ ಇದ್ಯಾವುದನ್ನೂ ಯೋಚಿಸುತ್ತ ಕೂರಬೇಡಿ. ತುರ್ತು ಸಂಖ್ಯೆ 911 ಒತ್ತಿ, ನಿಂತಿರುವ ಜಾಗ ಹೇಳಿ. ಯಾರನ್ನು ಕಳಿಸಬೇಕೆಂದು ಅವರಿಗೆ ಗೊತ್ತಿರುತ್ತದೆ.