ಇಳುವರಿ 111% ಬಂದಾಗ

ಬಿ.ಎಸ್ಸಿ. ಪ್ರಾಕ್ಟಿಕಲ್‌ನಲ್ಲಿ ಆಸ್ಪಿರಿನ್ ಮಾಡಿದ್ದೆ. 2.00 ಗ್ರಾಂ ಸ್ಯಾಲಿಸಿಲಿಕ್ ಆಮ್ಲ, 5 ಎಂಎಲ್ ಅಸಿಟಿಕ್ ಅನ್‌ಹೈಡ್ರೈಡ್, ನಾಲ್ಕೈದು ಹನಿ ಸಲ್ಫ್ಯೂರಿಕ್ ಆಮ್ಲ. ಸೋಸಿ ತೂಗಿದರೆ 2.90 ಗ್ರಾಂ! ಬೀಗುತ್ತಾ ಲೆಕ್ಕಕ್ಕೆ ಕೂತರೆ ಇಳುವರಿ (ಸಿಗಬೇಕಾದದ್ದರಲ್ಲಿ ನಿಜಕ್ಕೂ ಸಿಕ್ಕ ಪಾಲು) ಬರೀ 30%.

ಎಡವಿದ್ದು ಎಲ್ಲಿ ಅಂದರೆ, ನಾನು ಅನ್‌ಹೈಡ್ರೈಡನ್ನು ಹಿಡಿದು ಲೆಕ್ಕ ಹಾಕಿದ್ದೆ. 5 ಎಂಎಲ್‌ಗೆ ಸಾಂದ್ರತೆ 1.08 ಗುಣಿಸಿ 5.4 ಗ್ರಾಂ, ಅದರ ಅಣುತೂಕ 102ರಿಂದ ಭಾಗಿಸಿದರೆ 0.053 ಮೋಲ್ (ಅಣುಗಳನ್ನು ಎಣಿಸುವ ಅಳತೆ). ಸ್ಯಾಲಿಸಿಲಿಕ್ ಆಮ್ಲವೋ, 2.00 ಭಾಗಿಸು 138, ಅಂದರೆ 0.0145 ಮೋಲ್ ಅಷ್ಟೇ. ಕ್ರಿಯೆ ನಡೆಯುವುದು ಒಂದಕ್ಕೆ ಒಂದರಂತೆ. ಹಿಟ್ಟು ಮೂರು ದೋಸೆಗಷ್ಟೇ ಇದ್ದರೆ ಚಟ್ನಿ ಪಾತ್ರೆ ತುಂಬ ಇದ್ದರೂ ದೋಸೆ ಮೂರೇ ತಾನೆ? ಮೊದಲು ಮುಗಿಯುವ ಸ್ಯಾಲಿಸಿಲಿಕ್ ಆಮ್ಲವೇ ಮಿತಿ. ಆಸ್ಪಿರಿನ್ನಿನ 180ರಿಂದ ಗುಣಿಸಿದರೆ ಸೈದ್ಧಾಂತಿಕ ಇಳುವರಿ, ಅಂದರೆ ಹೆಚ್ಚೆಂದರೆ ಸಿಗಬಹುದಾದದ್ದು, 2.61 ಗ್ರಾಂ.

ಸರಿ, 2.90 ಭಾಗಿಸು 2.61... 111%! ಇಲ್ಲದ ವಸ್ತು ಎಲ್ಲಿಂದ ಬಂತು? ವಾಚ್‌ಗ್ಲಾಸ್ (ಹರಳುಗಳಿದ್ದ ಗಾಜಿನ ತಟ್ಟೆ) ಅಲುಗಾಡಿಸಿದೆ. ಹರಳುಗಳು ಒದ್ದೆ ಸಕ್ಕರೆಯ ಹಾಗೆ ಅಂಟಿಕೊಂಡಿದ್ದವು. ನಾನು ತೂಗಿದ್ದರಲ್ಲಿ ನೀರೂ ಸೇರಿತ್ತು. ಡೆಸಿಕೇಟರ್‌ನಲ್ಲಿ (ತೇವ ತೆಗೆಯುವ ಮುಚ್ಚಿದ ಪಾತ್ರೆ) ಇಟ್ಟು ಮರುದಿನ ತೂಗಿದೆ: 2.21. ಮತ್ತೊಂದು ದಿನ: 2.03. ಆಮೇಲೂ 2.03. ತೂಕ ಬದಲಾಗದೆ ನಿಂತ ಮೇಲಷ್ಟೇ ನಂಬಿದೆ. 78%.

ಅಲ್ಲಿಗೂ ಮುಗಿಯಲಿಲ್ಲ. ಒಂದು ಹರಳಿಗೆ ಫೆರಿಕ್ ಕ್ಲೋರೈಡ್ ಹನಿ ಬಿಟ್ಟರೆ ತೆಳು ನೇರಳೆ ಬಣ್ಣ! ಆ ಬಣ್ಣ ಕೊಡುವ, ಕ್ರಿಯೆಗೆ ಸಿಗದ ಸ್ಯಾಲಿಸಿಲಿಕ್ ಆಮ್ಲ ಇನ್ನೂ ಉಳಿದಿತ್ತು. ಮರುಸ್ಫಟಿಕೀಕರಣ (ಕರಗಿಸಿ ಮತ್ತೆ ಹರಳುಗಟ್ಟಿಸುವುದು) ಮಾಡಿ ಒಣಗಿಸಿದಾಗ 1.72 ಗ್ರಾಂ, ನೇರಳೆ ಬಣ್ಣ ಮಾಯ. ರೆಕಾರ್ಡಿನಲ್ಲಿ 66% ಅಂತ ಬರೆದೆ.