ಕಡಪ ಕಲ್ಲಿನ ನಾಡಿನಲ್ಲಿ ಗುಹೆ ನೋಡುವುದು ಹೇಗೆ?

ಅಡುಗೆಮನೆಯ ಕಡಪ ಕಲ್ಲಿನ ಮೇಲೆ ನಾಲ್ಕು ಹನಿ ನಿಂಬೆರಸ ಚೆಲ್ಲಿ, ರಾತ್ರಿಯಿಡೀ ಒರೆಸದೆ ಬಿಡಿ. ಬೆಳಿಗ್ಗೆ ಆ ಜಾಗದ ಹೊಳಪು ಹೋಗಿ ಕಲ್ಲು ಬಿಳಿಚಿಕೊಂಡಿರುತ್ತದೆ. ಕಡಪ ಕಲ್ಲು ಅಂದರೆ ಸುಣ್ಣದಕಲ್ಲು, ಹುಳಿ ಅದನ್ನು ತಿಂದಿದೆ. ಆಂಧ್ರದ ಬೆಲುಂ ಗುಹೆ ಆಗಿದ್ದೂ ಹೀಗೇ. ಮಳೆನೀರು ಮಣ್ಣಿನೊಳಗಿನ ಇಂಗಾಲದ ಡೈಆಕ್ಸೈಡ್ ಸೇರಿ ತುಸು ಹುಳಿಯಾಗುತ್ತದೆ. ಸುಣ್ಣದಕಲ್ಲಿನ ಬಿರುಕಿಗೆ ಇಳಿದು, ವರ್ಷಾನುಗಟ್ಟಲೆ ಅದನ್ನು ಕರಗಿಸುತ್ತಾ ಹೋಗುತ್ತದೆ.

ಆದವಾನಿ, ಆಲೂರು, ರಾಯದುರ್ಗದ ನಮ್ಮ ಕಡೆ ಇರುವುದೆಲ್ಲ ಗ್ರಾನೈಟ್ ಗುಂಡುಕಲ್ಲುಗಳ ಗುಡ್ಡ. ಅಲ್ಲಿ ನಾವು ಗವಿ ಅಂತ ಕರೆಯುವುದು ಹೆಚ್ಚಾಗಿ ಎರಡು ಬಂಡೆಗಳ ನಡುವಿನ ಸಂದು. ಗುತ್ತಿ ದಾಟಿ ತಾಡಪತ್ರಿ ಕಡೆ ಹೊರಳಿದರೆ ನೆಲವೇ ಬೇರೆ. ಹೊಲದ ಬೇಲಿಗೆ ಕಲ್ಲುಚಪ್ಪಡಿ, ಗೋಡೆಗೂ ಮನೆ ಮಾಳಿಗೆಗೂ ಅದೇ ಚಪ್ಪಡಿ. ಇಂಥ ಬೇಲಿ ಕಂಡರೆ ಸುಣ್ಣದಕಲ್ಲಿನ ಸೀಮೆ ಬಂತು ಎಂದು ತಿಳಿಯಿರಿ. ಕೆಳಗೆ ಟೊಳ್ಳು ಇರಬಹುದು.

ಬಹಳ ಜನ ಬೆಲುಂ ನೋಡಿ, ನಾಲ್ಕು ಫೋಟೋ ತೆಗೆದು ಅದೇ ಸಂಜೆ ವಾಪಸ್ ಆಗುತ್ತಾರೆ. ಅದು ಅರ್ಧ ಪ್ರವಾಸ. ಗುಹೆಯೊಳಗೆ ಎಲ್ಲರೂ ಕತ್ತೆತ್ತಿ ಛಾವಣಿ ನೋಡುತ್ತಾರೆ, ಆದರೆ ಹಳೆಯ ಮನುಷ್ಯರ ಸುದ್ದಿ ಇರುವುದು ನೆಲದ ಮಣ್ಣಿನಲ್ಲಿ. ಒಂದು ರಾತ್ರಿ ತಂಗಿ, ಎರಡನ್ನೂ ನೋಡಿಕೊಂಡು ಬರುವ ದಾರಿ ಹೇಳುತ್ತೇನೆ.

ಯಾವಾಗ ಹೊರಡಬೇಕು, ಏನು ಒಯ್ಯಬೇಕು

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಬನಗಾನಪಲ್ಲಿ ಮಾವಿನ ಆಸೆಗೆ ಮೇ ತಿಂಗಳಲ್ಲಿ ಹೋದರೆ ಹಣ್ಣೇನೋ ಸಿಗುತ್ತದೆ, ಆದರೆ ಬಿಸಿಲು ಬಿಡುವುದಿಲ್ಲ. ಜೋರು ಮಳೆಯ ದಿನಗಳೂ ಬೇಡ. ಗುಹೆ ಅಂದರೆ ನೀರು ಹರಿದು ಹೋದ ಹಾದಿ, ನೀರು ಮತ್ತೆ ಅದೇ ಹಾದಿ ಹಿಡಿಯಬಹುದು.

ಗುಹೆ ತಣ್ಣಗಿರುತ್ತದೆ ಎಂದು ಸ್ವೆಟರ್ ಹಾಕಿಕೊಂಡು ಹೋಗಬೇಡಿ. ಬೆಲುಂ ಒಳಗೆ ಸೆಕೆ ಜಾಸ್ತಿ, ಸ್ವಲ್ಪ ಹೊತ್ತಿಗೇ ಬೆವರು ಇಳಿಯುತ್ತದೆ. ತೆಳು ಹತ್ತಿಬಟ್ಟೆ, ಜಾರದ ಶೂ, ನೀರಿನ ಬಾಟಲಿ ಸಾಕು. ತಲೆಗೆ ಕಟ್ಟುವ ಟಾರ್ಚ್ ಒಂದಿರಲಿ, ಕೈಗಳು ಖಾಲಿ ಇರುತ್ತವೆ. ಮೊಬೈಲ್ ಬೆಳಕನ್ನೇ ನಂಬಿಕೊಳ್ಳಬೇಡಿ.

ಬಿಡುವಿದ್ದರೆ ಹೊರಡುವ ಮುಂಚೆ ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ಸಂಗ್ರಹಾಲಯಕ್ಕೆ ಹೋಗಿ ಬನ್ನಿ. ಮನುಷ್ಯ ಕೆತ್ತಿದ ಕಲ್ಲು ಹೇಗಿರುತ್ತದೆ ಎಂದು ಕಣ್ಣು ಪಳಗುತ್ತದೆ. ಭೂವಿಜ್ಞಾನಿ ಫೂಟ್ ಅವರ ಹೆಸರು ಮುಂದೆ ದಾರಿಯುದ್ದಕ್ಕೂ ಸಿಗುತ್ತದೆ.

ಮೊದಲ ದಿನ: ಬೆಲುಂ

ರೈಲಿನಲ್ಲಾದರೆ ಗುಂತಕಲ್ಲು, ಗುತ್ತಿ ಮೇಲೆ ತಾಡಪತ್ರಿ. ಅಲ್ಲಿಂದ ಸುಮಾರು 30 ಕಿ.ಮೀ. ರಸ್ತೆ. ಹೊತ್ತಿದ್ದರೆ ತಾಡಪತ್ರಿಯಲ್ಲಿ ಪೆನ್ನಾ ನದಿಯ ದಂಡೆಯ ಬುಗ್ಗ ರಾಮಲಿಂಗೇಶ್ವರ ಗುಡಿ ನೋಡಿ. ಲಿಂಗದ ಬುಡದಲ್ಲಿ ನೀರಿನ ಬುಗ್ಗೆ. ನೆಲದೊಳಗೆ ಸೇರಿದ ನೀರು ಎಲ್ಲೋ ಒಂದು ಕಡೆ ಹೀಗೆ ಮೇಲೆ ಬರಲೇಬೇಕು, ಅಲ್ವಾ?

ಬೆಲುಂ ಇರುವುದು ಕೊಲಿಮಿಗುಂಡ್ಲದ ಹತ್ತಿರ, ಈಗಿನ ನಂದ್ಯಾಲ ಜಿಲ್ಲೆಯಲ್ಲಿ. ಬೆಟ್ಟ ಹತ್ತಬೇಕು ಅಂದುಕೊಂಡು ಬಂದವರಿಗೆ ಇಲ್ಲಿ ಆಶ್ಚರ್ಯ. ಸಮತಟ್ಟಾದ ಬಯಲಿನಲ್ಲಿ ಬಾವಿಯಂಥ ಗುಂಡಿ, ಅದರೊಳಗೆ ಇಳಿಯಲು ಮೆಟ್ಟಿಲು, ಅಷ್ಟೇ. ಈ ಗುಹೆಯ ಬಗ್ಗೆ ಮೊದಲು ಬರೆದಿಟ್ಟವರು ಭೂವಿಜ್ಞಾನಿ ಫೂಟ್, 1884ರಲ್ಲಿ. ಆಮೇಲೆ 1980ರ ದಶಕದಲ್ಲಿ ಜರ್ಮನಿಯ ಹರ್ಬರ್ಟ್ ಡೇನಿಯಲ್ ಗೆಬಾವರ್ ತಂಡ ಒಳಹೊಕ್ಕು ಅಳೆಯಿತು. ಒಟ್ಟು ಉದ್ದ 3,229 ಮೀಟರ್. ಅದರಲ್ಲಿ ಪ್ರವಾಸಿಗರಿಗೆ ತೆರೆದಿರುವುದು ಸುಮಾರು ಒಂದೂವರೆ ಕಿ.ಮೀ. ದೀಪ ಹಾಕಿದ್ದಾರೆ, ಗಾಳಿ ಆಡುವ ವ್ಯವಸ್ಥೆಯೂ ಇದೆ.

ಟಿಕೆಟ್ ಕೌಂಟರ್ ತೆರೆಯುವ ಹೊತ್ತಿಗೆ ಅಲ್ಲಿರಿ. ಶಾಲಾ ಮಕ್ಕಳ ಬಸ್ಸುಗಳು ಬಂದರೆ ಆಮೇಲೆ ಗದ್ದಲ. ಮೊದಲು ಸೀದಾ ಪಾತಾಳಗಂಗೆಗೆ ನಡೆಯಿರಿ. ಅದೇ ಅತಿ ಆಳದ ಜಾಗ, ನೆಲಮಟ್ಟದಿಂದ 46 ಮೀಟರ್ ಕೆಳಗೆ. ಸಣ್ಣ ತೊರೆಯೊಂದು ಬಂದು ಕಲ್ಲಿನೊಳಗೆ ಮಾಯವಾಗುತ್ತದೆ. ಹೀಗೆ ಮಾಡಿದರೆ ಮೈಯಲ್ಲಿ ಕಸುವಿರುವಾಗಲೇ ಆಳ ಮುಗಿಯುತ್ತದೆ. ಕೋಟಿಲಿಂಗಗಳು, ಸಾವಿರ ಹೆಡೆಗಳು ಎಂದು ಕರೆಯುವ ಸುಣ್ಣದ ಆಕೃತಿಗಳನ್ನು ವಾಪಸ್ ಬರುವಾಗ ನಿಧಾನಕ್ಕೆ ನೋಡಬಹುದು.

ಮೇಲಿನಿಂದ ಇಳಿಬಿದ್ದ ಸುಣ್ಣದ ತೊಂಗಲುಗಳನ್ನು ಮುಟ್ಟಬೇಡಿ. ಒಂದು ಸೆಂಟಿಮೀಟರ್ ಬೆಳೆಯಲು ನೂರು ವರ್ಷವೇ ಬೇಕಾಗಬಹುದು. ಕೈಯ ಎಣ್ಣೆಜಿಡ್ಡು ಹತ್ತಿದರೆ ಅಲ್ಲಿ ಸುಣ್ಣ ಕೂರುವುದಿಲ್ಲ. ಸಪ್ತಸ್ವರ ಗುಹೆಯಲ್ಲಿ ತಟ್ಟಿದರೆ ನಾದ ಬರುತ್ತದೆ ಎನ್ನುವುದು ನಿಜ. ಆದರೂ ಸುಮ್ನೆ ನೋಡಿ ಬನ್ನಿ. ಬಂದವರೆಲ್ಲ ತಟ್ಟುತ್ತಾ ಹೋದರೆ ತಟ್ಟಲು ಏನೂ ಉಳಿಯುವುದಿಲ್ಲ.

ರಾತ್ರಿ ತಂಗಲು ಬನಗಾನಪಲ್ಲಿ ಅನುಕೂಲ.

ಎರಡನೇ ದಿನ: ಬೂದಿ ಮತ್ತು ಎಲುಬು

ಬೆಳಗಿನ ಜಾವ ಯಾಗಂಟಿ. ಉಮಾಮಹೇಶ್ವರನ ದರ್ಶನ ಮಾಡಿ, ಪುಷ್ಕರಣಿಗೆ ಬೀಳುವ ಬುಗ್ಗೆಯ ನೀರು ನೋಡಿ, ಅಗಸ್ತ್ಯರ ಗುಹೆಗೆ ಹತ್ತಿ. ಮೆಟ್ಟಿಲು ಕಡಿದು, ಮಂಡಿನೋವಿನವರು ಕೆಳಗೇ ಕೂರುವುದು ವಾಸಿ. ಇಲ್ಲಿನ ನಂದಿ ಬೆಳೆಯುತ್ತಾ ಇದೆ ಎಂಬ ನಂಬಿಕೆ ನಿಮಗೂ ಗೊತ್ತಿರುತ್ತದೆ.

ನನಗೆ ಈ ಪ್ರವಾಸದ ಮುಖ್ಯ ಜಾಗ ಅಂದರೆ ಜ್ವಾಲಾಪುರಂ. ಬನಗಾನಪಲ್ಲಿಯ ಹತ್ತಿರ, ಜುರ್ರೇರು ಕಣಿವೆಯಲ್ಲಿದೆ. ಬೋರ್ಡು, ಟಿಕೆಟ್ ನಿರೀಕ್ಷಿಸಬೇಡಿ. ಊರಿನವರನ್ನು ಕೇಳಿ, ಅವರ ಜೊತೆಗೇ ಹೋಗಿ. ಹೊಲ ಖಾಸಗಿಯದಾದರೆ ಒಪ್ಪಿಗೆ ಕೇಳಿ ಕಾಲಿಡಿ. ನಮ್ಮ ಕಡೆಯವರಿಗೆ ತೆಲುಗು ಬರುತ್ತದೆ, ಅಡ್ಡಿಯಿಲ್ಲ.

ಅಗೆದ ಗುಂಡಿಯ ಗೋಡೆಯಲ್ಲಿ ಮಣ್ಣಿನ ಪದರಗಳ ನಡುವೆ ಬೂದುಬಿಳಿ ಪಟ್ಟಿ ಹುಡುಕಿ. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾದ ಟೋಬಾ ಜ್ವಾಲಾಮುಖಿ ಸಿಡಿದಾಗ ಗಾಳಿಯಲ್ಲಿ ಹಾರಿಬಂದು ಇಲ್ಲಿ ಬಿದ್ದ ಬೂದಿ ಅದು. ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿದರೆ ರಂಗೋಲಿ ಪುಡಿಯ ಹಾಗೆ ಹಗುರವಾಗಿ ಗರಗರ ಎನ್ನುತ್ತದೆ. ಅದು ಗಾಜಿನ ಸಣ್ಣ ಚೂರು, ಮೂಗಿನ ಹತ್ತಿರ ಒಯ್ಯಬೇಡಿ. ಪಾತ್ರೆ ತಿಕ್ಕುವ ಪುಡಿಗೆಂದು ಈ ಬೂದಿಯನ್ನು ಅಗೆದು ಮಾರಿದ್ದೂ ಉಂಟು.

ಪುರಾತತ್ವಜ್ಞರಾದ ಮೈಕೇಲ್ ಪೆಟ್ರಾಗ್ಲಿಯಾ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಇಲ್ಲಿ ಅಗೆದು ನೋಡಿ, 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೂದಿಯ ಕೆಳಗೂ ಕಲ್ಲಿನ ಹತಾರ, ಮೇಲೂ ಕಲ್ಲಿನ ಹತಾರ. ಎರಡರ ಮಾಟವೂ ಹೆಚ್ಚುಕಡಿಮೆ ಒಂದೇ. ಅಷ್ಟು ದೊಡ್ಡ ಸ್ಫೋಟ ಆದರೂ ಇಲ್ಲಿನ ಜನ ಉಳಿದುಕೊಂಡಿರಬೇಕು ಎಂಬುದು ಅವರ ವಾದ. ಇದನ್ನು ಒಪ್ಪದವರೂ ಇದ್ದಾರೆ.

ದಾರಿಯಲ್ಲಿ ಕಾಣುವ ಕಲ್ಲುಚೂರು ಹತಾರವೋ, ಸುಮ್ಮನೆ ಒಡೆದದ್ದೋ? ಹೀಗೆ ನೋಡಿ. ಮನುಷ್ಯ ಹೊಡೆದು ಎಬ್ಬಿಸಿದ ಚಕ್ಕೆಯ ಒಂದು ತುದಿಯಲ್ಲಿ ಪೆಟ್ಟು ಬಿದ್ದ ಸಣ್ಣ ಸಮತಟ್ಟು ಜಾಗ ಇರುತ್ತದೆ. ಅದರ ಕೆಳಗೆ ಒಂದು ಮೈ ತುಸು ಉಬ್ಬಿರುತ್ತದೆ. ಹೆಬ್ಬೆರಳು ಆಡಿಸಿದರೆ ಆ ಉಬ್ಬು ಗೊತ್ತಾಗುತ್ತದೆ. ಇನ್ನೊಂದು ಮೈಯಲ್ಲಿ ಅದಕ್ಕೂ ಮೊದಲು ಎದ್ದ ಚಕ್ಕೆಗಳ ತಗ್ಗು ಗುರುತುಗಳು ಕಾಣಬಹುದು. ಬಿಸಿಲಿಗೆ ಸೀಳಿದ ಕಲ್ಲಿಗೆ ಪೆಟ್ಟಿನ ಈ ಗುರುತು ಇರುವುದಿಲ್ಲ. ಸಿಕ್ಕರೆ ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೋ ತೆಗೆದು, ಕಲ್ಲನ್ನು ಎಲ್ಲಿತ್ತೋ ಅಲ್ಲೇ ಬಿಡಿ. ಯಾವ ಪದರದಲ್ಲಿತ್ತು ಎನ್ನುವುದೇ ಅದರ ಬೆಲೆ. ಮನೆಯ ಷೋಕೇಸಿಗೆ ಬಂದ ಮೇಲೆ ಅದು ಬರೀ ಕಲ್ಲು.

ಮಧ್ಯಾಹ್ನ ಬೇತಂಚೆರ್ಲ ಕಡೆಗೆ ಹೊರಡಿ, ಬಿಲ್ಲಸುರ್ಗಂ ಗುಹೆಗಳಿಗೆ. 1884-85ರಲ್ಲಿ ಫೂಟ್ ಮತ್ತು ಅವರ ಮಗ ಹೆನ್ರಿ ಇಲ್ಲಿನ ನೆಲ ಅಗೆಸಿದರು. ಮಣ್ಣಿನಲ್ಲಿ ಪ್ರಾಣಿಗಳ ಎಲುಬು ರಾಶಿ ಸಿಕ್ಕಿತು. ಅದರಲ್ಲಿ ಘೇಂಡಾಮೃಗದ್ದೂ ಇತ್ತು. ಕರ್ನೂಲಿನ ಹೆಸರಿನಲ್ಲೇ ಅದಕ್ಕೆ ‘ರೈನಾಸೆರಸ್ ಕರ್ನೂಲಿಯೆನ್ಸಿಸ್’ ಎಂದು ಹೆಸರಿಟ್ಟರು. ಇದೇ ಸೀಮೆಯ ಮುಚ್ಚಟ್ಲ ಚಿಂತಮಾನು ಗವಿಯಲ್ಲಿ ಪುರಾತತ್ವಜ್ಞ ಎಂ.ಎಲ್.ಕೆ. ಮೂರ್ತಿ ಅವರಿಗೆ ಎಲುಬಿನ ಹತಾರಗಳೂ, ಸುಮಾರು 17,000 ವರ್ಷ ಹಳೆಯ ಒಲೆಯ ಗುರುತೂ ಸಿಕ್ಕವು.

ಇಲ್ಲಿ ಬೆಲುಂನ ದೀಪ, ಕಂಬಿ ಏನೂ ಇಲ್ಲ. ಹಾಗಾಗಿ ಎಚ್ಚರ ಬೇಕು. ಮೂವರಿಗಿಂತ ಕಡಿಮೆ ಜನ ಹೋಗಬೇಡಿ, ಊರಿನ ಒಬ್ಬರು ಜೊತೆಗಿರಲಿ. ಎಷ್ಟು ಹೊತ್ತಿಗೆ ವಾಪಸ್ ಬರುತ್ತೀರಿ ಎಂದು ಹೊರಗಿನವರಿಗೆ ಹೇಳಿರಿ. ಬಂಡೆಯಂಚಿನಲ್ಲಿ ಹೆಜ್ಜೇನು ಕಂಡರೆ ಹೊಗೆ, ಸೆಂಟು, ಕೂಗಾಟ ಯಾವುದೂ ಬೇಡ. ಬಾವಲಿಗಳ ಮೇಲೆ ಬೆಳಕು ಬಿಡಬೇಡಿ. ಒಣಗಿದ ಬಾವಲಿ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಇರಲಿ. ತೆವಳಿಕೊಂಡು ನುಗ್ಗಬೇಕಾದ ಸಂದುಗಳಿಗೆ ನಮ್ಮಂಥವರು ಹೋಗುವುದೇ ಬೇಡ. ತಲೆನೋವು, ಏದುಸಿರು ಶುರುವಾದರೆ ಗಾಳಿ ಕೆಟ್ಟಿದೆ ಎಂದರ್ಥ. ತಡಮಾಡದೆ ಹೊರಗೆ ಬನ್ನಿ. ಮತ್ತೆ, ನೆಲವನ್ನು ಕೋಲಿನಿಂದ ಕೆದಕಬೇಡಿ. ನಿಧಿ ಆಸೆಗೆ ಗವಿ ಅಗೆಯುವವರು ಹಾಳುಮಾಡುವುದು ಈ ಪದರಗಳನ್ನೇ.

ವಾಪಸ್ ಬರುವಾಗ

ಆದವಾನಿಗೆ ಗುತ್ತಿ–ಪತ್ತಿಕೊಂಡ ದಾರಿ ಹಿಡಿದರೆ ಎರ್ರಗುಡಿಯ ಅಶೋಕನ ಬಂಡೆಶಾಸನ ಸಿಗುತ್ತದೆ. ಬ್ರಾಹ್ಮಿ ಲಿಪಿ. ಕಿರು ಶಾಸನದ ಕೆಲವು ಸಾಲು ಎಡದಿಂದ ಬಲಕ್ಕೆ ಹೋದರೆ ಮುಂದಿನದು ಬಲದಿಂದ ಎಡಕ್ಕೆ ಬರುತ್ತದೆ. ಇಳಿಬಿಸಿಲಿನಲ್ಲಿ ಅಕ್ಷರಗಳ ತಗ್ಗಿಗೆ ನೆರಳು ಬಿದ್ದು ಚೆನ್ನಾಗಿ ಕಾಣುತ್ತವೆ. ಆದ್ದರಿಂದ ಬೇತಂಚೆರ್ಲದಲ್ಲಿ ತಡವಾದರೆ ಅವತ್ತು ನೇರ ಮನೆಗೆ ಹೋಗಿ. ಎರ್ರಗುಡಿ ಹತ್ತಿರದ ಊರು, ಇನ್ನೊಂದು ಭಾನುವಾರ ಬಂದರಾಯಿತು.